ಪುಟ್ಟ ರೈಲು ನಿಂತಾಗ: ಮಾದರಿ ರೈಲಿನ ವೈರಿಂಗ್ ತೊಂದರೆ ಹುಡುಕುವ ಬಗೆ

ಮನೆಯ ಮಾದರಿ ರೈಲು ಓಡದೆ ನಿಂತಾಗ ಅದಕ್ಕೆ ನೂರು ಕಾರಣ ಇರಬಹುದು ಅನ್ನಿಸುತ್ತದೆ. ವೈರಿಂಗಿನ ಮಟ್ಟಿಗೆ ಇರುವುದು ನಾಲ್ಕೇ. ಕರೆಂಟ್ ಹೋಗಬಾರದ ದಾರಿಯಲ್ಲಿ ಹೋಗುತ್ತಿದ್ದರೆ ಶಾರ್ಟ್. ದಾರಿ ಎಲ್ಲೋ ಕಡಿದಿದ್ದರೆ ಓಪನ್. ದಾರಿ ಇದ್ದೂ ಇಕ್ಕಟ್ಟಾಗಿದ್ದರೆ ವೋಲ್ಟೇಜ್ ನಡುವೆಯೇ ಕಳೆದುಹೋಗಿ ಇಂಜಿನ್ ಕುಂಟುತ್ತದೆ. ಕೆಂಪು ವೈರ್ ಬರಬೇಕಾದ ಹಳಿಗೆ ಕಪ್ಪು ಬಂದಿದ್ದರೆ ಅದು ನಾಲ್ಕನೆಯದು. ಇವುಗಳಲ್ಲಿ ಮೂರನೆಯದೇ ಜನರನ್ನು ಜಾಸ್ತಿ ಗೋಳು ಹೊಯ್ದುಕೊಳ್ಳುವುದು. ಮೀಟರ್ ಇಟ್ಟರೆ ಎಲ್ಲ ಸರಿ ಇದೆ ಅಂತ ತೋರಿಸುತ್ತದೆ, ಇಂಜಿನ್ ಇಟ್ಟರೆ ಓಡುವುದಿಲ್ಲ. ಹಾಗಾಗಿ ಅದರ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ.

ನಾನು ರೈಲ್ವೆಯಲ್ಲಿ ಸಿಗ್ನಲ್ ಮೇಂಟೈನರ್ ಆಗಿದ್ದು ನಿವೃತ್ತನಾದವನು. ಈಗ ಸಾಗರದಲ್ಲಿ ಮನೆ, ಉಪ್ಪರಿಗೆಯ ಕೋಣೆಯಲ್ಲಿ ಲೇಔಟ್ (ಮೇಜಿನ ಮೇಲೆ ಕಟ್ಟಿದ ಪುಟ್ಟ ರೈಲುದಾರಿ). ಎಚ್‌ಓ ಅಳತೆ, ಅಂದರೆ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಆನಂದಪುರದಿಂದ ತಾಳಗುಪ್ಪದವರೆಗಿನ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಕಟ್ಟುನಿಟ್ಟಾಗಿ ಅಳೆದರೆ ನಮ್ಮ ಬ್ರಾಡ್ ಗೇಜ್‌ಗೆ 19 ಮಿ.ಮೀ. ದಾಟಬೇಕು, ಹಳೆಯ ಮೀಟರ್ ಗೇಜ್‌ಗೆ 12ರ ಒಳಗೇ ಸಾಕು. ಸುಲಭವಾಗಿ ಸಿಗುವ ಹಳಿ 16.5ರದ್ದು, ಅದನ್ನೇ ಹಾಕಿದ್ದೇನೆ.

ದೊಡ್ಡ ಹಳಿಯಲ್ಲಿ ಕಲಿತ ಒಂದು ಸಂಗತಿ ಈ ಪುಟ್ಟ ಹಳಿಗೂ ಅಷ್ಟೇ ಹೊಂದುತ್ತದೆ. ಟ್ರ್ಯಾಕ್ ಸರ್ಕ್ಯೂಟ್ ಅಂತ ಇರುತ್ತದೆ. ಹಳಿಗಳಿಗೆ ಸಣ್ಣ ವೋಲ್ಟೇಜ್ ಕೊಟ್ಟು, ಆ ತುದಿಯಲ್ಲಿ ಒಂದು ರಿಲೇ (ಕರೆಂಟ್ ಇರುವಷ್ಟು ಹೊತ್ತು ಎತ್ತಿ ನಿಲ್ಲುವ ಸ್ವಿಚ್) ಇಟ್ಟಿರುತ್ತಾರೆ. ರೈಲು ಬಂದಾಗ ಗಾಲಿಗಳು ಎರಡೂ ಹಳಿಯನ್ನು ಕೂಡಿಸಿಬಿಡುತ್ತವೆ, ರಿಲೇ ಬೀಳುತ್ತದೆ, ಲೈನಿನಲ್ಲಿ ಗಾಡಿ ಇದೆ ಅಂತ ಗೊತ್ತಾಗುತ್ತದೆ. ಅಲ್ಲಿ ಫಿಶ್‌ಪ್ಲೇಟ್ (ಹಳಿಯ ತುದಿಗಳನ್ನು ಕೂಡಿಸುವ ಪಟ್ಟಿ) ಹಾಕಿದ ಪ್ರತಿ ಜೋಡಣೆಗೂ ಬೇರೆಯಾಗಿ ಬಾಂಡ್ ತಂತಿ ಹೊಡೆದಿರುತ್ತಾರೆ. ಫಿಶ್‌ಪ್ಲೇಟ್ ಇರುವುದು ಹಳಿಯನ್ನು ಹಿಡಿದಿಡಲು. ಕರೆಂಟ್ ಒಯ್ಯುವ ಕೆಲಸಕ್ಕೆ ಅದನ್ನು ಯಾರೂ ನಂಬುವುದಿಲ್ಲ. ನಮ್ಮ ಪುಟ್ಟ ಹಳಿಯ ತಗಡಿನ ಜಾಯಿನರ್ ಕಥೆಯೂ ಅದೇ. ಹೊಸದರಲ್ಲಿ ಬಿಗಿಯಾಗಿರುತ್ತದೆ, ಕರೆಂಟ್ ಚೆನ್ನಾಗಿ ದಾಟುತ್ತದೆ. ಎರಡು ಮಳೆಗಾಲ ಕಳೆಯಲಿ, ಒಳಗೆ ಕಪ್ಪು ಕಟ್ಟುತ್ತದೆ, ಹಿಡಿತ ಸಡಿಲವಾಗುತ್ತದೆ.

ಮುಟ್ಟುವ ಮೊದಲು

ತೊಂದರೆ ಹಳಿಯದೋ ಇಂಜಿನಿನದೋ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಒಂದೇ ಇಂಜಿನ್ ಎಲ್ಲ ಕಡೆಯೂ ಕುಂಟಿದರೆ ಅದರ ಗಾಲಿ ಕೊಳೆಯಾಗಿದೆ, ಇಲ್ಲವೇ ಗಾಲಿಯಿಂದ ಕರೆಂಟ್ ಎತ್ತುವ ತೆಳು ಪಟ್ಟಿ ಬಾಗಿದೆ. ಎಲ್ಲ ಇಂಜಿನ್‌ಗಳೂ ಒಂದೇ ಜಾಗದಲ್ಲಿ ಕುಂಟಿದರೆ ಅದು ಹಳಿಯ ತೊಂದರೆ. ಇದಕ್ಕೆ ಐದು ನಿಮಿಷ ಸಾಕು. ಇದನ್ನು ಬಿಟ್ಟು ನೇರವಾಗಿ ಮೇಜಿನ ಕೆಳಗೆ ನುಗ್ಗಿದವರು ಒಳ್ಳೆಯ ಬೆಸುಗೆಗಳನ್ನೇ ಬಿಚ್ಚಿ ಹೊಸ ತೊಂದರೆ ತಂದುಕೊಳ್ಳುತ್ತಾರೆ.

ಆಮೇಲೆ ಹಳಿಯ ಮೇಲಿನ ಎಲ್ಲ ಇಂಜಿನ್, ಎಲ್ಲ ಬೋಗಿ ಎತ್ತಿಡಿ. ಒಂದನ್ನೂ ಬಿಡಬೇಡಿ. ಒಂದು ಬೋಗಿಯ ಲೋಹದ ಗಾಲಿ ತಿರುವುಮುರುವಾಗಿ ಕೂತಿದ್ದರೂ ಇಡೀ ಲೇಔಟ್ ಶಾರ್ಟ್ ಆಗಿರಬಹುದು. ಎಷ್ಟೋ ಗಾಲಿ ಜೋಡಿಗಳಲ್ಲಿ ಒಂದು ಬದಿಯ ಗಾಲಿಗೆ ಮಾತ್ರ ಇನ್ಸುಲೇಷನ್ ಇರುತ್ತದೆ. ಲೋಹದ ಬೋಗಿಯಲ್ಲಿ ಅವು ಎಲ್ಲವೂ ಒಂದೇ ಬದಿಗೆ ಮುಖ ಮಾಡಿರಬೇಕು. ಎಲ್ಲ ಎತ್ತಿಟ್ಟ ಮೇಲೆ ಶಾರ್ಟ್ ಹೋಯಿತೋ, ಒಂದೊಂದಾಗಿ ಮತ್ತೆ ಇಡುತ್ತಾ ಬನ್ನಿ. ಕಳ್ಳ ತಾನೇ ಸಿಗುತ್ತಾನೆ.

230 ವೋಲ್ಟಿನ ಬದಿಗೆ ಕೈ ಹಾಕಬೇಡಿ. ಅಡಾಪ್ಟರ್, ಟ್ರಾನ್ಸ್‌ಫಾರ್ಮರ್ ಬಿಚ್ಚಿ ರಿಪೇರಿ ಮಾಡುವ ಅಗತ್ಯ ಈ ಹವ್ಯಾಸದಲ್ಲಿ ಇಲ್ಲ. ಅದು ಕೆಟ್ಟಿದ್ದರೆ ಬದಲಾಯಿಸಿ. ಮೇಜಿನ ಕೆಳಗೆ ಬೆಸುಗೆ ಹಾಕುವಾಗ ಪ್ಲಗ್ ಕಿತ್ತಿಟ್ಟಿರಿ, ಕಣ್ಣಿಗೆ ಕನ್ನಡಕ ಇರಲಿ. ಕಾದ ಸೀಸ ಮೇಲಿನಿಂದ ಮುಖಕ್ಕೇ ಬೀಳುತ್ತದೆ.

ಬೇಕಾದ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ದುಬಾರಿಯದು ಬೇಡ. ಅದರ ಜೊತೆಗೆ ಆಟೋ ಸ್ಪೇರ್ಸ್ ಅಂಗಡಿಯಿಂದ ಬೈಕಿನ ಇಂಡಿಕೇಟರ್ ಬಲ್ಬ್ ಒಂದು ತನ್ನಿ, 12 ವೋಲ್ಟ್ 10 ವ್ಯಾಟ್‌ನದು. ಕಾರಿನ 21 ವ್ಯಾಟ್ ಬಲ್ಬೂ ಒಂದಿರಲಿ. ಎರಡಕ್ಕೂ ವೈರ್ ಬೆಸೆದು ತುದಿಗೆ ಮೊಸಳೆ ಕ್ಲಿಪ್ ಹಾಕಿ. ಈ ಬಲ್ಬ್ ಇಲ್ಲದೆ ಮೀಟರ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೆಸುಗೆಗೆ ರೋಸಿನ್ ಒಳಗಿರುವ 60/40 ಸೀಸದ ತಂತಿ ಬಳಸಿ. ತಗಡಿನ ಕೆಲಸದವರು ಬಳಸುವ ಆ್ಯಸಿಡ್ ಫ್ಲಕ್ಸ್ ಹಳಿಯ ಹತ್ತಿರವೂ ಬರಬಾರದು. ಅಂದು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಸುಮ್ನೆ ಕೂತು ತಂತಿಯನ್ನು ತಿನ್ನುತ್ತದೆ. ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಹತ್ತಿ ಬಟ್ಟೆ. ಮರಳು ಕಾಗದ ಬೇಡವೇ ಬೇಡ. ಅದು ಎಬ್ಬಿಸುವ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ.

ಬೀಪ್ ಕೇಳಿ ಮೋಸ ಹೋಗಬೇಡಿ

ಬಹಳ ಜನ ಮೀಟರನ್ನು ಕಂಟಿನ್ಯೂಟಿಗೆ ತಿರುಗಿಸಿ, ಎರಡು ಕಡೆ ಮುಟ್ಟಿಸಿ, ಬೀಪ್ ಬಂತು ಅಂತ ಮುಂದೆ ಹೋಗುತ್ತಾರೆ. ಎಷ್ಟೋ ಮೀಟರ್‌ಗಳು 30 ಓಮ್ ಇದ್ದರೂ ಬೀಪ್ ಅನ್ನುತ್ತವೆ. ನಿಮ್ಮ ಜಾಯಿನರ್‌ನಲ್ಲಿ 5 ಓಮ್ ಇದೆ ಅಂತಿಟ್ಟುಕೊಳ್ಳಿ. ಮೀಟರ್ ಖುಷಿಯಿಂದ ಕೂಗುತ್ತದೆ. ಇಂಜಿನ್ ಅರ್ಧ ಆಂಪಿಯರ್ ಎಳೆದರೆ ಆ ಒಂದೇ ಜೋಡಣೆಯಲ್ಲಿ ಎರಡೂವರೆ ವೋಲ್ಟ್ ಹೋಯಿತು. 12ರಲ್ಲಿ ಎರಡೂವರೆ ಅಂದರೆ ಏರು ಹತ್ತುವ ಇಂಜಿನ್ ನಿಲ್ಲಲು ಸಾಕು.

ಬರೀ ವೋಲ್ಟ್‌ಮೀಟರ್ ಇಟ್ಟರೂ ಇದೇ ಗತಿ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಕರೆಂಟ್ ಹರಿಯದಿದ್ದರೆ ಕೆಟ್ಟ ಜೋಡಣೆಯಲ್ಲಿ ವೋಲ್ಟೇಜ್ ಬೀಳುವುದಿಲ್ಲ. ಹಾಗಾಗಿ ಎಲ್ಲ ಕಡೆ 12 ತೋರಿಸುತ್ತದೆ. ತೊಂದರೆ ಹೊರಗೆ ಬರಬೇಕಾದರೆ ಹಳಿಯ ಮೇಲೆ ಭಾರ ಹಾಕಬೇಕು. ಆ ಭಾರವೇ ಬಲ್ಬ್. 10 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ, 21 ವ್ಯಾಟ್‌ನದು 1.75. ಹಚ್ಚಿದ ಆ ಕ್ಷಣಕ್ಕೆ ತಣ್ಣಗಿನ ತಂತು ಇದರ ಎಷ್ಟೋ ಪಟ್ಟು ಎಳೆಯುತ್ತದೆ. ಸಣ್ಣ ಸೆಟ್ಟಿನ ಕಂಟ್ರೋಲರ್ (ಹಳಿಗೆ ವೋಲ್ಟೇಜ್ ಕೊಟ್ಟು ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ) ಅಷ್ಟಕ್ಕೇ ಟ್ರಿಪ್ ಆದರೆ 5 ವ್ಯಾಟ್ ಬಲ್ಬ್ ಬಳಸಿ.

ಹುಡುಕುವ ಕ್ರಮ ಹೀಗೆ. ಕಂಟ್ರೋಲರ್ 12 ವೋಲ್ಟಿಗೆ ಇಡಿ. ಇಂಜಿನ್ ಕುಂಟುವ ಜಾಗದಲ್ಲಿ ಎರಡು ಹಳಿಗೆ ಬಲ್ಬಿನ ಕ್ಲಿಪ್ ಕಚ್ಚಿಸಿ. ಬಲ್ಬ್ ಉರಿಯುತ್ತಿರುವಾಗಲೇ ಅದೇ ಜಾಗದಲ್ಲಿ ವೋಲ್ಟೇಜ್ ಅಳೆಯಿರಿ. ಕಂಟ್ರೋಲರ್ ಬಾಯಲ್ಲಿ 11.8 ಇದ್ದು ಇಲ್ಲಿ 11.3 ಇದ್ದರೆ ಚಿಂತೆ ಇಲ್ಲ. ಇಲ್ಲಿ 8 ಇದ್ದರೆ ನಡುವೆ ಎಲ್ಲೋ ಮೂರೂಮುಕ್ಕಾಲು ವೋಲ್ಟ್ ಕಳೆದಿದೆ.

ಈಗ ಬಲ್ಬನ್ನು ತೆಗೆಯಬೇಡಿ. ಮೀಟರಿನ ಎರಡು ಕಡ್ಡಿಗಳನ್ನು ಒಂದೇ ಹಳಿಯ ಮೇಲೆ, ಜಾಯಿನರ್‌ನ ಆಚೆಗೊಂದು ಈಚೆಗೊಂದು ಇಡಿ. ಒಳ್ಳೆಯ ಜೋಡಣೆ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. ಕೆಟ್ಟದ್ದು ಅರ್ಧ ವೋಲ್ಟ್, ಒಂದು ವೋಲ್ಟ್, ಕೆಲವೊಮ್ಮೆ ಮೂರು ವೋಲ್ಟ್ ತೋರಿಸುತ್ತದೆ. ಬಲ್ಬಿನಿಂದ ಕಂಟ್ರೋಲರ್ ಕಡೆಗೆ ಒಂದೊಂದೇ ಜೋಡಣೆ ಹೀಗೆ ಅಳೆಯುತ್ತಾ ಬನ್ನಿ. ಎರಡೂ ಹಳಿಯಲ್ಲಿ ಮಾಡಿ, ಯಾಕೆಂದರೆ ಕರೆಂಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಕೆಳಗಿನ ವೈರ್ ಬೆಸುಗೆಗಳಿಗೂ ಇದೇ ಪರೀಕ್ಷೆ: ಒಂದು ಕಡ್ಡಿ ವೈರಿನ ತಾಮ್ರಕ್ಕೆ, ಇನ್ನೊಂದು ಹಳಿಗೆ. ಊಹೆಗೆ ಇಲ್ಲಿ ಜಾಗವೇ ಇಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ನಾನು ಕಂಡಿಲ್ಲ.

ಡಿಸಿಸಿ (ಹಳಿಯ ಮೂಲಕವೇ ಪ್ರತಿ ಇಂಜಿನ್‌ಗೂ ಬೇರೆಬೇರೆ ಡಿಜಿಟಲ್ ಸಂದೇಶ ಕಳಿಸುವ ವ್ಯವಸ್ಥೆ) ಇರುವವರು ಗಮನಿಸಿ. ನಿಮ್ಮ ಹಳಿಯಲ್ಲಿ 14-15 ವೋಲ್ಟ್ ಸದಾ ಇರುತ್ತದೆ, ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ತಿರುಗುತ್ತದೆ. ಸಾಧಾರಣ ಮೀಟರ್ ಎಸಿ ರೇಂಜಿನಲ್ಲಿ ತೋರಿಸುವ ಸಂಖ್ಯೆ ಕರಾರುವಾಕ್ಕಾಗಿ ಇರುವುದಿಲ್ಲ. ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಲು ಮಾತ್ರ ಅಡ್ಡಿಯಿಲ್ಲ. ನನಗೆ ಇಷ್ಟವಾದ ದಾರಿ ಬೇರೆ. ಹಳಿಗೆ ಕರೆಂಟ್ ಕೊಡುವ ಡಿಸಿಸಿ ಬೂಸ್ಟರಿನ ವೈರ್ ಬಿಚ್ಚಿ, ಇಂಜಿನ್ ಎಲ್ಲ ಎತ್ತಿಟ್ಟು, 12 ವೋಲ್ಟ್ ಡಿಸಿ ಅಡಾಪ್ಟರ್ ಕೊಟ್ಟು ಅಳೆಯುವುದು. ಸಂಖ್ಯೆಗಳು ನಿಂತ ಹಾಗೆ ನಿಲ್ಲುತ್ತವೆ.

ಇಕ್ಕಟ್ಟು ಸಿಕ್ಕ ಮೇಲೆ ಏನು ಮಾಡುವುದು? ಜಾಯಿನರ್‌ನ್ನು ಇಕ್ಕಳದಲ್ಲಿ ಒತ್ತಿದರೆ ಅಂದಿಗೆ ಸರಿಹೋಗುತ್ತದೆ. ಅದು ಪರಿಹಾರ ಅಂತ ನಾನು ಒಪ್ಪುವುದಿಲ್ಲ. ಹಳಿಯ ಪ್ರತಿ ತುಂಡಿಗೂ ಕೆಳಗಿನಿಂದ ಅದರದೇ ಫೀಡರ್ ವೈರ್ ಬೆಸೆಯಿರಿ. ಸುಮಾರು ಒಂದು ಮೀಟರಿಗೆ ಒಂದು ಜೋಡಿ ಬರುತ್ತದೆ. ಆಮೇಲೆ ಜಾಯಿನರ್ ಕರೆಂಟ್ ಒಯ್ಯಲಿ ಬಿಡಲಿ, ಲೆಕ್ಕಕ್ಕಿಲ್ಲ. ನಮ್ಮ ಹಳಿ ನಿಕಲ್ ಸಿಲ್ವರ್‌ನದು. ಅದರಲ್ಲಿ ಇರುವುದು ತಾಮ್ರ, ನಿಕಲ್, ಸತು. ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಅಡ್ಡಿ ಅದರಲ್ಲಿದೆ. ದೂರಕ್ಕೆ ಕರೆಂಟ್ ಒಯ್ಯುವ ಕೆಲಸ ಹಳಿಗೆ ಬೇಡ, ಕೆಳಗಿನ ದಪ್ಪ ವೈರಿಗಿರಲಿ.

ಆ ದಪ್ಪ ವೈರ್, ಅಂದರೆ ಬಸ್, ಎಷ್ಟು ದಪ್ಪ? ಮನೆ ವೈರಿಂಗಿಗೆ ಹಾಕುವ 1.5 ಸ್ಕ್ವೇರ್ ಎಂಎಂ ವೈರ್ ಕೆಂಪು, ಕಪ್ಪು ಎರಡು ಕಾಯಿಲ್ ತನ್ನಿ. ಹೋಗಿ ಬರುವ ದಾರಿ ಒಟ್ಟು 10 ಮೀಟರ್ ಆದರೆ ಅದರಲ್ಲಿ 0.12 ಓಮ್ ಅಷ್ಟೇ. 3 ಆಂಪಿಯರ್ ಹರಿದರೂ ಅರ್ಧ ವೋಲ್ಟ್ ಹೋಗುವುದಿಲ್ಲ. ಮನೆಯಲ್ಲಿ ಉಳಿದಿದೆ ಅಂತ ಅರ್ಧ ಮಿ.ಮೀ.ನ ಟೆಲಿಫೋನ್ ವೈರ್ ಹಾಕಿದರೆ ಅದೇ ಉದ್ದಕ್ಕೆ 0.9 ಓಮ್ ಹತ್ತಿರ ಬರುತ್ತದೆ, 3 ಆಂಪಿಯರ್‌ಗೆ ಎರಡೂವರೆ ವೋಲ್ಟಿಗೂ ಜಾಸ್ತಿ ನಷ್ಟ. ಟೆಲಿಫೋನ್ ವೈರ್ ಸಿಗ್ನಲ್ ದೀಪಗಳಿಗೆ ಇಟ್ಟುಕೊಳ್ಳಿ. ಬಸ್ಸಿನಿಂದ ಹಳಿಗೆ ಏರುವ ಗೇಣುದ್ದದ ಫೀಡರ್‌ಗೆ 0.5 ಸ್ಕ್ವೇರ್ ಎಂಎಂ ಸಾಕು.

ಶಾರ್ಟ್ ಹುಡುಕುವಾಗ

ಗಾಡಿ ಎಲ್ಲ ಎತ್ತಿಟ್ಟರೂ ಕಂಟ್ರೋಲರ್ ಟ್ರಿಪ್ ಆಗುತ್ತಿದೆ ಅಂದರೆ ಹಳಿಯಲ್ಲೇ ಶಾರ್ಟ್ ಇದೆ. ಮೊದಲು ಕಣ್ಣಿಗೆ ಕೆಲಸ ಕೊಡಿ. ಬಿದ್ದ ಸ್ಕ್ರೂ, ಕತ್ತರಿಸಿ ಬಿಸಾಡಿದ ವೈರ್ ಚೂರು, ಹಳಿಯ ಮೇಲೆ ಮರೆತ ಸ್ಕ್ರೂಡ್ರೈವರ್, ಎರಡು ಹಳಿಯ ನಡುವೆ ಓರೆಯಾಗಿ ಕೂತ ಮೊಳೆ. ಹೊಸದಾಗಿ ಜಲ್ಲಿ ಹಾಕಿ ಫೆವಿಕಾಲ್ ನೀರು ಬಿಟ್ಟಿದ್ದರೆ ಅದು ಪೂರ್ತಿ ಒಣಗುವವರೆಗೆ ಸ್ವಲ್ಪ ಕರೆಂಟ್ ಸೋರುವುದು ಸಹಜ. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಜಲ್ಲಿ ಅಂಟಿಸಿದರೆ ಒಣಗಲು ದಿನಗಟ್ಟಲೆ ಬೇಕು. ನಾನು ಆ ಕೆಲಸ ಬೇಸಿಗೆಗೇ ಇಟ್ಟುಕೊಳ್ಳುತ್ತೇನೆ.

ಕಣ್ಣಿಗೆ ಬೀಳದಿದ್ದರೆ 21 ವ್ಯಾಟ್ ಬಲ್ಬ್ ತೆಗೆಯಿರಿ. ಈ ಸಲ ಅದನ್ನು ಹಳಿಗೆ ಅಡ್ಡ ಹಾಕುವುದು ಬೇಡ. 12 ವೋಲ್ಟ್ ಅಡಾಪ್ಟರಿನಿಂದ ಬಸ್ಸಿಗೆ ಹೋಗುವ ಒಂದು ವೈರಿನ ನಡುವೆ, ಸೀರೀಸ್‌ನಲ್ಲಿ ಹಾಕಿ. ಅಡಾಪ್ಟರ್ 3 ಆಂಪಿಯರ್‌ನದಾದರೆ ಒಳ್ಳೆಯದು. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ. ಹಚ್ಚಿದ ಮೊದಲ ಕ್ಷಣ ಬಿಟ್ಟರೆ ಕರೆಂಟ್ 1.75 ಆಂಪಿಯರ್ ದಾಟುವುದಿಲ್ಲ, ಹಾಗಾಗಿ ಏನೂ ಸುಡುವುದಿಲ್ಲ, ಟ್ರಿಪ್ ಆಗುವುದೂ ಇಲ್ಲ. ಈಗ ಬಸ್ಸನ್ನು ಮಧ್ಯದಲ್ಲಿ ಬಿಚ್ಚಿ. ಬಲ್ಬ್ ಆರಿತೇ? ಶಾರ್ಟ್ ಆಚೆ ಅರ್ಧದಲ್ಲಿದೆ. ಇನ್ನೂ ಉರಿಯುತ್ತಿದೆಯೇ? ಈಚೆ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹದಿನಾರು ತುಂಡಿನ ಲೇಔಟಿನಲ್ಲಿ ನಾಲ್ಕು ಸಲ ಬಿಚ್ಚಿದರೆ ತುಂಡು ಸಿಗುತ್ತದೆ. ಬಸ್ಸಿಗೆ ಅಲ್ಲಲ್ಲಿ ಸ್ಕ್ರೂ ಇರುವ ಕನೆಕ್ಟರ್ ಪಟ್ಟಿ ಹಾಕಿಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಎಲ್ಲವನ್ನೂ ಬೆಸೆದುಬಿಟ್ಟರೆ ಅರ್ಧ ಮಾಡುವುದು ಹೇಗೆ, ಅಲ್ವಾ?

ತುಂಡು ಸಿಕ್ಕಿತು, ಜಾಗ ಸಿಗಲಿಲ್ಲ ಅಂದರೆ ಬಲ್ಬ್ ಉರಿಯುತ್ತಿರುವಾಗಲೇ ಮೀಟರನ್ನು ಮಿಲಿವೋಲ್ಟ್‌ಗೆ ಇಡಿ. ಎರಡು ಹಳಿಯ ನಡುವೆ ಅಳೆಯುತ್ತಾ ಮುಂದೆ ಸಾಗಿ. ಶಾರ್ಟ್ ಹತ್ತಿರವಾದಂತೆ ಸಂಖ್ಯೆ ಇಳಿಯುತ್ತದೆ. ಅತಿ ಕಡಿಮೆ ಇರುವ ಕಡೆ ನಿಂತು ಭೂತಗನ್ನಡಿ ಹಿಡಿಯಿರಿ. ಜಲ್ಲಿಯ ಅಡಿಯಲ್ಲಿ ಹುದುಗಿದ ಕೂದಲಿನಷ್ಟು ತೆಳುವಾದ ತಾಮ್ರದ ಎಳೆ ಹೀಗೆ ಸಿಕ್ಕಿದ್ದಿದೆ.

ಮಳೆಗಾಲದಲ್ಲಿ ಮಾತ್ರ, ಇಲ್ಲವೇ ಏಪ್ರಿಲ್ ಮಧ್ಯಾಹ್ನ ಮಾತ್ರ ಬರುವ ಶಾರ್ಟ್ ಇದ್ದರೆ ಇನ್ಸುಲೇಷನ್‌ಗೆ ಬಿಟ್ಟ ಸಂದುಗಳನ್ನು ನೋಡಿ. ಮೂರು ಮೀಟರ್ ಹಳಿ 15 ಡಿಗ್ರಿ ಕಾದರೆ ಮುಕ್ಕಾಲು ಮಿ.ಮೀ. ಹತ್ತಿರ ಬೆಳೆಯುತ್ತದೆ. ಗರಗಸದಿಂದ ಕೊಯ್ದ ಅರ್ಧ ಮಿ.ಮೀ. ಸಂದು ಮುಚ್ಚಿಹೋಗಲು ಅಷ್ಟು ಸಾಕು. ಮಳೆಯಲ್ಲಿ ಮರದ ಚೌಕಟ್ಟು ಉಬ್ಬಿದರೂ ಹಳಿ ಸರಿಯುತ್ತದೆ. ಸಂದಿಗೆ ಪ್ಲಾಸ್ಟಿಕ್ ಚೂರು ತುರುಕಿ, ಅಂಟು ಹಾಕಿ, ಹಳಿಯ ಆಕಾರಕ್ಕೆ ಅರದಿಂದ ಉಜ್ಜಿ. ಖಾಲಿ ಸಂದು ಯಾವತ್ತೂ ಬಿಡಬೇಡಿ.

ಇಲಿ ವೈರಿನ ಸಿಪ್ಪೆ ಕಡಿದಿರುತ್ತದೆ, ಮೈಕ್ರೋಸ್ವಿಚ್ ಒಳಗೆ ಇರುವೆ ಸೇರಿರುತ್ತದೆ. ಹಳ್ಳಿ ಕಡೆ ಇರುವವರು ಇದನ್ನೂ ನೋಡಿ.

ಪಾಯಿಂಟ್ ಮತ್ತು ಕ್ರಾಸಿಂಗ್

ಗಾಡಿ ದಾರಿ ಬದಲಿಸುವ ಜಾಗವೇ ಪಾಯಿಂಟ್. ಅದರ ಮೇಲೆಯೇ ಇಂಜಿನ್ ನಿಂತರೆ ಎರಡು ಜಾಗ ನೋಡಬೇಕು. ಒಂದು, ಟಂಗ್ ರೈಲು (ಆಚೀಚೆ ಸರಿಯುವ ಚೂಪು ಹಳಿ) ಸ್ಟಾಕ್ ರೈಲಿಗೆ (ಪಕ್ಕದ ಕದಲದ ಹಳಿ) ತಾಗುವ ತುದಿ. ಎಷ್ಟೋ ಪಾಯಿಂಟ್‌ಗಳಲ್ಲಿ ಕರೆಂಟ್ ದಾಟುವುದು ಆ ತಾಗುವಿಕೆಯಿಂದಲೇ. ಅಲ್ಲಿ ಬಣ್ಣ, ಅಂಟು, ಧೂಳು ಕೂತರೆ ಮುಂದಿನ ದಾರಿ ಪೂರ್ತಿ ಸತ್ತುಹೋಗುತ್ತದೆ. ಬಟ್ಟೆಗೆ ಆಲ್ಕೋಹಾಲ್ ಹಾಕಿ ನಡುವೆ ಎಳೆಯಿರಿ. ಇನ್ನೊಂದು, ಕ್ರಾಸಿಂಗ್, ಅಂದರೆ ಎರಡು ದಾರಿಯ ಒಳ ಹಳಿಗಳು ಕೂಡುವ ಜಾಗ. ಶಾಶ್ವತ ಪರಿಹಾರ ಬೇಕಿದ್ದರೆ ಅದಕ್ಕೆ ಕೆಳಗಿನಿಂದ ವೈರ್ ತಂದು, ಪಾಯಿಂಟ್ ಜೊತೆಗೇ ತಿರುಗುವ ಮೈಕ್ರೋಸ್ವಿಚ್ ಮೂಲಕ ಕರೆಂಟ್ ಕೊಡಿ. ಕ್ರಾಸಿಂಗಿನಿಂದ ಆಚೆ ಹೋಗುವ ಎರಡು ಒಳ ಹಳಿಗಳಿಗೆ ಇನ್ಸುಲೇಟೆಡ್ ಜಾಯಿನರ್ ಇರಲೇಬೇಕು. ಇಲ್ಲದಿದ್ದರೆ ಆಚೆಯ ಫೀಡರ್ ಕರೆಂಟ್ ಹಿಂದಕ್ಕೆ ಬಂದು ಪಾಯಿಂಟ್ ತಿರುಗಿಸಿದ ಕೂಡಲೇ ಶಾರ್ಟ್.

ಹೀಗೆ ಬೇರೆಯಾಗಿ ಕರೆಂಟ್ ಕೊಟ್ಟ ಕ್ರಾಸಿಂಗಿನಲ್ಲಿ ಶಾರ್ಟ್ ಬಂದರೆ ಅದರ ಲಕ್ಷಣವೇ ಕಾರಣ ಹೇಳುತ್ತದೆ. ಎರಡೂ ದಾರಿಯಲ್ಲಿ ಇಂಜಿನ್ ಏರುತ್ತಿದ್ದ ಹಾಗೆ ಶಾರ್ಟ್ ಆದರೆ ಸ್ವಿಚ್ಚಿನ ಕೆಂಪು ಕಪ್ಪು ವೈರ್ ಅದಲುಬದಲಾಗಿದೆ. ಒಂದು ದಾರಿಯಲ್ಲಿ ಮಾತ್ರ ಆದರೆ ಸ್ವಿಚ್ ಪೂರ್ತಿ ತಿರುಗುತ್ತಿಲ್ಲ, ಅದರ ಕೂರಿಸಿದ ಜಾಗ ಸ್ವಲ್ಪ ಸರಿಸಿ. ಯಾವುದೋ ಒಂದೇ ಬೋಗಿ ದಾಟುವಾಗ ಕಿಡಿ ಹಾರಿದರೆ ಅದರ ಗಾಲಿಗಳ ನಡುವಿನ ಅಂತರ ಕಡಿಮೆಯಾಗಿ, ಗಾಲಿಯ ಬೆನ್ನು ತೆರೆದ ಟಂಗ್ ರೈಲಿಗೆ ತಾಗುತ್ತಿದೆ. ಗೇಜ್ ಇಟ್ಟು ಗಾಲಿ ಸರಿಪಡಿಸಿ, ಪಾಯಿಂಟನ್ನು ಮುಟ್ಟಬೇಡಿ.

ತಿರುಗಿ ಬರುವ ಲೂಪ್

ಹೋದ ಹಳಿಗೇ ತಿರುಗಿ ಬಂದು ಸೇರುವ ಲೂಪ್, ಅಥವಾ ಇಂಜಿನ್ ತಿರುಗಿಸುವ ತ್ರಿಕೋನ ಇದ್ದರೆ ಅಲ್ಲಿ ಎಡ ಹಳಿ ಬಲ ಹಳಿಯನ್ನು ಸೇರಿಯೇ ಸೇರುತ್ತದೆ. ಕಾಗದದ ಮೇಲೆ ಕೆಂಪು, ನೀಲಿ ಪೆನ್ಸಿಲ್ ಹಿಡಿದು ಎರಡೂ ಹಳಿಯನ್ನು ಎಳೆಯುತ್ತಾ ಹೋಗಿ. ಎರಡು ಬಣ್ಣ ಕೂಡುವ ಕಡೆ ಶಾರ್ಟ್. ಆ ಭಾಗದ ಎರಡು ತುದಿಯಲ್ಲೂ ಎರಡೂ ಹಳಿಯನ್ನು ಕತ್ತರಿಸಿ ಬೇರೆ ಮಾಡಿ. ಡಿಸಿ ಆದರೆ ಕೆಂಪು ಕಪ್ಪು ವೈರ್ ಅದಲುಬದಲು ಮಾಡುವ ಡಿಪಿಡಿಟಿ ಸ್ವಿಚ್, ಡಿಸಿಸಿ ಆದರೆ ಅದನ್ನು ತಾನೇ ಮಾಡುವ ಆಟೋ ರಿವರ್ಸರ್ ಹಾಕಿ. ಬೇರೆ ಮಾಡಿದ ಭಾಗ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದ ಇರಲಿ. ಇಲ್ಲದಿದ್ದರೆ ಮುಂದಿನ ಗಾಲಿ ಒಂದು ಸಂದನ್ನೂ ಹಿಂದಿನ ಗಾಲಿ ಇನ್ನೊಂದನ್ನೂ ಒಟ್ಟಿಗೇ ಮುಚ್ಚುತ್ತವೆ.

ನಾಣ್ಯದ ಪರೀಕ್ಷೆ

ಡಿಸಿಸಿ ಇರುವವರು ಇದನ್ನು ತಪ್ಪಿಸಲೇಬಾರದು. 5 ಆಂಪಿಯರ್ ಬೂಸ್ಟರ್ 15 ವೋಲ್ಟಿನಲ್ಲಿ 75 ವ್ಯಾಟ್ ಕೊಡಬಲ್ಲದು. ಅದು 25 ವ್ಯಾಟ್ ಬೆಸುಗೆ ಕಡ್ಡಿಯ ಮೂರರಷ್ಟು. ಶಾರ್ಟ್ ಆದ ಕೂಡಲೇ ಬೂಸ್ಟರ್ ಟ್ರಿಪ್ ಆಗಬೇಕು. ದಾರಿಯಲ್ಲಿ ಇಕ್ಕಟ್ಟಿದ್ದರೆ ಟ್ರಿಪ್ ಆಗುವಷ್ಟು ಕರೆಂಟ್ ಹರಿಯುವುದೇ ಇಲ್ಲ. ಬೂಸ್ಟರ್ ಸುಮ್ಮನೆ ಕೊಡುತ್ತಲೇ ಇರುತ್ತದೆ, ಹಳಿ ತಪ್ಪಿದ ಬೋಗಿಯ ಗಾಲಿ ಕಾದು ಪ್ಲಾಸ್ಟಿಕ್ ಕರಗುತ್ತದೆ.

ಇಂಜಿನ್ ಎಲ್ಲ ಎತ್ತಿಟ್ಟು, ಐದು ರೂಪಾಯಿ ನಾಣ್ಯವನ್ನು ಎರಡು ಹಳಿಗೆ ಅಡ್ಡ ಒತ್ತಿ. ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ನಾಣ್ಯವನ್ನು ಕೂಡಲೇ ತೆಗೆಯಿರಿ. ಆ ಜಾಗಕ್ಕೆ ಫೀಡರ್ ಸಾಲದು. ಪ್ರತಿ ತುಂಡಿನಲ್ಲೂ, ಪ್ರತಿ ಪಾಯಿಂಟಿನ ಎರಡೂ ದಾರಿಯಲ್ಲೂ ಮಾಡಿ. ಸೈಡಿಂಗಿನ ಕೊನೆಯ ಗೇಣನ್ನೂ ಬಿಡಬೇಡಿ. ಹಳೆಯ ಡಿಸಿ ಸೆಟ್ಟಿನ ಪವರ್ ಕ್ಲಿಪ್ ಎಲ್ಲಾದರೂ ಉಳಿದಿದೆಯೇ ಅಂತಲೂ ನೋಡಿ. ಅದರಲ್ಲಿ ಕೆಪಾಸಿಟರ್ ಇರಬಹುದು, ಡಿಸಿಸಿ ಸಂದೇಶವನ್ನು ಕೆಡಿಸುತ್ತದೆ.

ರೈಲ್ವೆಯಲ್ಲಿ ಸಿಗ್ನಲ್ ಗೇರ್ ಬಿಚ್ಚುವ ಮೊದಲು ಸ್ಟೇಷನ್ ಮಾಸ್ಟರಿಗೆ ಡಿಸ್ಕನೆಕ್ಷನ್ ಮೆಮೋ ಕೊಡುತ್ತೇವೆ. ಕೆಲಸ ಮುಗಿಸಿ, ಪರೀಕ್ಷೆ ಮಾಡಿ, ರೀಕನೆಕ್ಷನ್ ಬರೆದುಕೊಟ್ಟ ಮೇಲೆಯೇ ಅದು ಮತ್ತೆ ಬಳಕೆಗೆ. ಮನೆಯಲ್ಲೂ ಒಂದು ನೋಟ್‌ಬುಕ್ ಇಡಿ. ಪ್ರತಿ ವೈರಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ, ಆ ನಂಬರ್ ಯಾವ ತುಂಡಿನದು ಅಂತ ಬರೆಯಿರಿ. ಬಲ್ಬ್ ಹಚ್ಚಿದಾಗ ಪ್ರತಿ ತುಂಡಿನಲ್ಲಿ ಎಷ್ಟು ವೋಲ್ಟ್ ಬಂತು ಅನ್ನುವುದನ್ನು ಎಲ್ಲ ಸರಿ ಇರುವಾಗಲೇ ಬರೆದಿಡಿ, ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. 11.4 ಇದ್ದದ್ದು 10.6ಕ್ಕೆ ಇಳಿದಿದ್ದರೆ ಇಂಜಿನ್ ಕುಂಟುವ ಮೊದಲೇ ಆ ಫೀಡರನ್ನು ಬೆಸೆದುಬಿಡಬಹುದು.